ತೊಗರಿ ಸಾಲಿನ ಗಾಂಜಾ: ತಕ್ಕಡಿಗೆ ಏನು ಹಾಕಬೇಕು?

ತೊಗರಿ ಎದೆಯುದ್ದ ಬೆಳೆಯುವ ಹೊತ್ತಿಗೆ ನಮ್ಮ ಭಾಗದ ವರದಿಗಾರರ ಫೋನಿಗೆ ಒಂದೇ ಥರದ ಸುದ್ದಿ ಬರುತ್ತದೆ: ‘ಬೆಳೆ ನಡುವೆ ಗಾಂಜಾ, ರೈತನ ಬಂಧನ’. ಜೊತೆಗೊಂದು ಫೋಟೊ. ಬೇರುಸಮೇತ ಕಿತ್ತ ಗಿಡಗಳು, ಹಿಂದೆ ಪೊಲೀಸರು, ಪಕ್ಕದಲ್ಲಿ ತಲೆ ತಗ್ಗಿಸಿ ನಿಂತ ರೈತ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಎಲ್ಲೇ ಆಗಲಿ, ನಾವು ನಾಲ್ಕು ಸಾಲು ಬರೆದು ಕಳಿಸುತ್ತೇವೆ. ಆ ಕೇಸು ಮುಂದೆ ಏನಾಯಿತು ಎಂದು ಕೇಳುವುದಿಲ್ಲ. ಇದು ನಮ್ಮ ತಪ್ಪು. ಒಪ್ಪಿಕೊಂಡೇ ಈ ಮಾತು ಬರೆಯುತ್ತಿದ್ದೇವೆ.

ಇತ್ತ ನಿಮ್ಮ ವಾಟ್ಸ್‌ಆ್ಯಪ್‌ಗೆ ಬೇರೆ ಥರದ ವಿಡಿಯೊ ಬರುತ್ತಿರಬಹುದು. ‘ಗಾಂಜಾ ಈಗ ಔಷಧಿ ಬೆಳೆ, ಎಕರೆಗೆ ಲಕ್ಷಗಟ್ಟಲೆ ಲಾಭ’ ಎಂದು. ಅದರಲ್ಲಿ ಅರ್ಧ ನಿಜ.

ಜಗತ್ತಿನ ಅಭಿಪ್ರಾಯ ಬದಲಾಗಿರುವುದು ನಿಜ. ಮಕ್ಕಳ ತೀವ್ರ ಮೂರ್ಛೆರೋಗಕ್ಕೆ ಈ ಗಿಡದಿಂದ ತೆಗೆದ ಔಷಧಿಗೆ ಅಮೆರಿಕ 2018ರಲ್ಲಿ ಒಪ್ಪಿಗೆ ಕೊಟ್ಟಿತು. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗ ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯಿತು. ಪರ 27 ಮತ, ವಿರುದ್ಧ 25. ಭಾರತ ಪರವಾಗಿಯೇ ಮತ ಹಾಕಿತ್ತು. ಉತ್ತರಾಖಂಡ 2018ರಿಂದಲೇ ನಾರು, ಬೀಜಕ್ಕಾಗಿ ನಶೆ ಕಡಿಮೆ ಇರುವ ತಳಿ ಬೆಳೆಯಲು ಲೈಸೆನ್ಸ್ ಕೊಡುತ್ತಿದೆ. ಔಷಧಿ ಮತ್ತು ಕೈಗಾರಿಕೆಗೆ ಬೆಳೆಯುವ ವರದಿಯನ್ನು ಹಿಮಾಚಲ ಪ್ರದೇಶದ ವಿಧಾನಸಭೆ 2024ರಲ್ಲಿ ಒಪ್ಪಿದೆ.

ಆದರೆ ನಮ್ಮೂರ ಹೊಲಕ್ಕೆ ಆ ಲೈಸೆನ್ಸ್ ಬಂದಿಲ್ಲ. ಇಲ್ಲಿ ನಡೆಯುವುದು 1985ರ ಎನ್‌ಡಿಪಿಎಸ್ ಕಾಯ್ದೆ. ಅದರ 20ನೇ ಕಲಮಿನ ಪ್ರಕಾರ ಗಾಂಜಾ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ಬೆಳೆಸಿದ್ದು ಎರಡು ಗಿಡವೋ ಇನ್ನೂರೋ ಎಂದು ಆ ಕಲಮು ಕೇಳುವುದಿಲ್ಲ. ‘ದನಕ್ಕೆ ಹೊಟ್ಟೆ ಉಬ್ಬರಿಸಿದರೆ ಬೇಕಾಗುತ್ತೆ ಅಂತ ಹಿತ್ತಲಲ್ಲಿ ಬಿಟ್ಟಿದ್ದೆ ಸ್ವಾಮಿ’ ಎಂದರೂ ಕೇಳುವುದಿಲ್ಲ. ನಿಮ್ಮ ಜಮೀನಿನಲ್ಲಿ ಬೇರೆಯವರು ಬೆಳೆದದ್ದು ಗೊತ್ತಿದ್ದೂ ತಿಳಿಸದಿದ್ದರೆ, 46ನೇ ಕಲಮಿನಡಿ ಅದೂ ಅಪರಾಧವೇ. ಗುತ್ತಿಗೆಗೆ ಹೊಲ ಕೊಟ್ಟವರು ಇದನ್ನು ನೆನಪಿಡಬೇಕು.

ಇನ್ನು ತಕ್ಕಡಿಯ ವಿಷಯ. ಇದೇ ಕಾಯ್ದೆಯಲ್ಲಿ ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿ ಮಾತ್ರ. ತುದಿ ಜೊತೆಗಿಲ್ಲದ ಎಲೆ, ಬೀಜ ಅದರಲ್ಲಿ ಸೇರುವುದಿಲ್ಲ. 1 ಕೆ.ಜಿ.ವರೆಗೆ ಸಣ್ಣ ಪ್ರಮಾಣ, 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ. ವಾಣಿಜ್ಯ ಪ್ರಮಾಣ ಎಂದಾದರೆ ಶಿಕ್ಷೆ ಕನಿಷ್ಠ 10 ವರ್ಷ, ಜಾಮೀನು ಬಹಳ ಕಷ್ಟ. ಹಸಿ ಗಿಡಗಳನ್ನು ಕಾಂಡ, ಎಲೆ, ಬೇರಿನ ಮಣ್ಣು ಸಮೇತ ತೂಗಿದರೆ ಹತ್ತಾರು ಗಿಡಕ್ಕೇ 20 ಕೆ.ಜಿ. ದಾಟೀತು. ತುದಿಯಷ್ಟನ್ನೇ ಬಿಡಿಸಿ ತೂಗಿದರೆ ಲೆಕ್ಕವೇ ಬೇರೆ. ಒಬ್ಬ ರೈತ ಮನೆಗೆ ಬರುತ್ತಾನೋ, ಜೈಲಲ್ಲೇ ವರ್ಷ ಕಳೆಯುತ್ತಾನೋ ಎನ್ನುವುದು ಈ ತೂಕದ ಮೇಲೆ ನಿಂತಿದೆ. ನಾವೋ, ಪ್ರಕಟಣೆಯಲ್ಲಿ ಬಂದ ತೂಕವನ್ನೇ ತಲೆಬರಹ ಮಾಡಿಬಿಡುತ್ತೇವೆ.

ಗಾಂಜಾ ಮಾರುವವರ ಪರ ನಾವಿಲ್ಲ. ಕಾಲೇಜು ಹುಡುಗರು ಅದರ ಹಿಂದೆ ಬಿದ್ದು ಹಾಳಾಗುವುದು ಎಲ್ಲರಿಗೂ ಕಾಣುತ್ತಿದೆ. ಆದರೆ ಬೀಜ ಕೊಟ್ಟು, ಬೆಳೆಸಿ, ಕೊಂಡು ಸಾಗಿಸುವವನು ಫೋಟೊದಲ್ಲಿ ಇರುವುದಿಲ್ಲ. ಇರುವವನು ಸಾಲ ಮಾಡಿ ಬೋರು ಕೊರೆಸಿದವನು.

ನಾವು ಕೇಳುವುದು ಇಷ್ಟೇ. ತೂಕ ಕಾಯ್ದೆಯಲ್ಲಿ ಹೇಳಿದಂತೆ ಆಗಲಿ. ಬೆಳೆದವನ ಜೊತೆಗೆ ಕೊಂಡವನನ್ನೂ ಹುಡುಕಲಿ. ಔಷಧಿ, ನಾರಿಗಾಗಿ ಬೆಳೆಯಲು ಅನುಮತಿ ಕೊಡುವ ಅಧಿಕಾರ ಕಾಯ್ದೆಯ 10 ಮತ್ತು 14ನೇ ಕಲಮಿನಲ್ಲಿ ರಾಜ್ಯಕ್ಕೂ ಇದೆ. ಕೊಡುತ್ತೇವೋ ಇಲ್ಲವೋ ಎಂದು ಸರ್ಕಾರ ಬಾಯಿಬಿಟ್ಟು ಹೇಳಲಿ. ವಿಡಿಯೊ ನೋಡಿ ರೈತ ಮೋಸಹೋಗುವುದು ತಪ್ಪುತ್ತದೆ.

ಅಲ್ಲಿಯವರೆಗೆ ನಿಮಗೆ ಹೇಳುವುದು ಒಂದೇ. ಯಾರು ಏನೇ ಆಸೆ ತೋರಿಸಿದರೂ ಒಂದು ಬೀಜವನ್ನೂ ಹಾಕಬೇಡಿ. ಊರಲ್ಲಿ ಯಾರಾದರೂ ಕೇಸಿಗೆ ಸಿಕ್ಕಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿಸಿ. ಕಸ್ಟಡಿಯಲ್ಲಿ ಇರುವವರಿಗೆ ವಕೀಲರು ಉಚಿತ. ನಾವೂ ಇನ್ನು ಮುಂದೆ ಬಂಧನದ ಸುದ್ದಿ ಬರೆದು ಕೈತೊಳೆದುಕೊಳ್ಳದೆ ತೀರ್ಪಿನ ಸುದ್ದಿಯನ್ನೂ ಬರೆಯುತ್ತೇವೆ.