ನನ್ನ ಪಾಲಿಗೆ ನಾಲ್ಕು 'ವೆರಿ'

1/6
ಮೊದಲ ಫೋಟೋನ ಝೂಮ್ ಮಾಡಿ ನೋಡಿ. ಅದು ನನ್ನ ಶಿಫಾರಸು ಪತ್ರ. ಹೆಸರು, ಸಹಿ, ಕಾಲೇಜಿನ ಸೀಲು ಎಲ್ಲಾ ಕಪ್ಪು ಮಾಡಿದೀನಿ. ಯಾರು ಬರೆದಿದ್ದು ಅಂತ ದಯವಿಟ್ಟು ಕಮೆಂಟಲ್ಲಿ ಕೇಳ್ಬೇಡಿ. ಹಳದಿ ಹೈಲೈಟರ್ ಬಿದ್ದಿರೋ ಜಾಗ ಮಾತ್ರ ಓದಿ. ವೆರಿ ಸಿನ್ಸಿಯರ್. ವೆರಿ ಹಾರ್ಡ್‌ವರ್ಕಿಂಗ್. ವೆರಿ ಒಬೀಡಿಯೆಂಟ್. ವೆರಿ ಪಂಕ್ಚುಯಲ್. ಒಟ್ಟು ಐದು ಸಾಲಿನ ಪತ್ರ, ಅದರಲ್ಲಿ ನಾಲ್ಕು ವೆರಿ.

ಎರಡನೇ ಫೋಟೋ ನನ್ನ ಕ್ಲಾಸ್‌ಮೇಟ್‌ದು. ಅವನನ್ನ ಕೇಳೇ ಹಾಕಿದೀನಿ. ಅದೇ ಸರ್, ಅದೇ ದಿನ, ಅದೇ ಆಡಿಟರ್ ಆಫೀಸಿನ ಇಂಟರ್ನ್‌ಶಿಪ್‌ಗೆ ಬರೆದುಕೊಟ್ಟಿದ್ದು. ಅದರಲ್ಲಿ ಒಂದೂ ವೆರಿ ಇಲ್ಲ. 'ಬ್ರಿಲಿಯಂಟ್' ಅಂತ ಒಂದು ಪದ, ಆಮೇಲೆ ಹಾಸ್ಟೆಲ್ ಮೆಸ್ಸಿನ ಒಂದು ವರ್ಷದ ಲೆಕ್ಕ ಪರಿಶೀಲಿಸಿದ ಪ್ರಾಜೆಕ್ಟಿನ ಬಗ್ಗೆ ಎರಡು ಸಾಲು. ಆ ಪ್ರಾಜೆಕ್ಟ್ ನಾವಿಬ್ಬರೂ ಸೇರಿ ಮಾಡಿದ್ದು ಕಣ್ರೀ. ತರಕಾರಿ ಬಿಲ್ಲೊಂದು ಕ್ಯಾಶ್ ಬುಕ್ಕಿನಲ್ಲಿ ಎರಡು ಸಲ ಎಂಟ್ರಿ ಆಗಿದ್ದನ್ನ ಕಂಡುಹಿಡಿದವಳು ನಾನು. ನನ್ನ ಪತ್ರದಲ್ಲಿ ಮೆಸ್ಸೂ ಇಲ್ಲ, ಬಿಲ್ಲೂ ಇಲ್ಲ. ನಾನು ಟೈಮಿಗೆ ಸರಿಯಾಗಿ ಬರ್ತೀನಂತೆ.

2/6
"ಇಷ್ಟೊಂದು ಹೊಗಳಿದ್ದಾರಲ್ಲೇ, ಇನ್ನೇನು ಬೇಕು ನಿಂಗೆ?" ಅಂದಳು ರೂಮ್‌ಮೇಟ್. ನೀವೂ ಅದನ್ನೇ ಅಂದುಕೊಂಡಿರಬಹುದು. ಅದಕ್ಕೇ ಈ ಸರಣಿ.

ವೆರಿ ಅನ್ನೋ ಪದ ಹುಟ್ಟಿದ್ದು ಹಳೆಯ ಫ್ರೆಂಚಿನ ಒಂದು ಪದದಿಂದ, ಅದರ ಅರ್ಥ 'ನಿಜವಾದ'. ಇಂಗ್ಲಿಷಿಗೆ ಬಂದ ಹೊಸದರಲ್ಲೂ ಅದೇ ಅರ್ಥ ಇತ್ತು. ಜನ ಬಳಸಿ ಬಳಸಿ ಸವೆಸಿದರು. ನಿಜ ಹೋಯ್ತು, 'ತುಂಬಾ' ಉಳೀತು. ಆಮೇಲೆ ರಿಯಲಿ ಬಂತು, ಅದೂ ಮೂಲದಲ್ಲಿ 'ನಿಜವಾಗಿ'ನೇ. ಅದೂ ಸವೆದ ಮೇಲೆ ಲಿಟರಲಿ. ಅಕ್ಷರಶಃ ಅಂತ ಅದರ ಅರ್ಥ, ಆದರೆ ಅಕ್ಷರಶಃ ಅಲ್ಲದಾಗ ಬಳಸೋ ಅರ್ಥವೂ ಈಗ ಮೆರಿಯಂ-ವೆಬ್‌ಸ್ಟರ್ ನಿಘಂಟಿನಲ್ಲಿ ಸೇರಿದೆ. ಭಯ ಹುಟ್ಟಿಸೋ ಟೆರಿಬ್ಲಿ ಕೂಡ 'ಟೆರಿಬ್ಲಿ ನೈಸ್ ಪರ್ಸನ್' ಅನ್ನೋ ಮಟ್ಟಕ್ಕೆ ಇಳಿದಿದೆ. ಹಣದುಬ್ಬರದ ಪಾಠ ನೆನಪಾಗುತ್ತೆ ಅಲ್ವಾ? ನೋಟು ಹೆಚ್ಚೆಚ್ಚು ಪ್ರಿಂಟ್ ಮಾಡಿದಷ್ಟೂ ಅದೇ ನೋಟಿಗೆ ಸಿಗೋ ಅಕ್ಕಿ ಕಮ್ಮಿ.

ವಸ್ತುಗಳ ವಿಷಯಕ್ಕೆ ಇದೆಲ್ಲ ನಡೆಯುತ್ತೆ. ಕಾಫಿ ವೆರಿ ಹಾಟ್ ಅಂದರೆ ನಾನೇ ಮುಟ್ಟಿ ನೋಡ್ಕೋತೀನಿ. ಮನುಷ್ಯರ ಬಗ್ಗೆ ಬರೆದಾಗ, ಆ ಮನುಷ್ಯನನ್ನ ನೋಡದೇ ಇರೋ ಇನ್ನೊಬ್ಬರು ಅದನ್ನ ಓದಿ ತೀರ್ಮಾನ ತಗೋತಾರೆ. ಜಗಳ ಇರೋದು ಅಲ್ಲಿ.

3/6
ಸಣ್ಣದೊಂದು ಗ್ರಾಮರ್, ಬೇಜಾರಾಗ್ಬೇಡಿ. 'ವೆರಿ ಎಕ್ಸಲೆಂಟ್' ಅಂತ ಬರೆದರೆ ಇಂಗ್ಲಿಷ್ ಮಿಸ್ ಕೆಂಪು ಗೆರೆ ಎಳೀತಾರೆ. ಯಾಕಂದ್ರೆ ಎಕ್ಸಲೆಂಟ್ ಆಗಲೇ ಅಟ್ಟದ ಮೇಲಿದೆ, ಅದಕ್ಕೆ ಏಣಿ ಬೇಡ. ಬ್ರಿಲಿಯಂಟ್, ಔಟ್‌ಸ್ಟ್ಯಾಂಡಿಂಗ್ ಕೂಡ ಹಾಗೇ. ಏಣಿ ಬೇಕಿರೋದು ಕೆಳಗಡೆ ಕೂತಿರೋ ಸಿನ್ಸಿಯರ್, ಹಾರ್ಡ್‌ವರ್ಕಿಂಗ್‌ಗೆ. ಅಂದ್ರೆ ನನ್ನ ಪಾಲಿಗೆ ನಾಲ್ಕು ಏಣಿ ಬಂದಿದ್ದೇ ನನ್ನನ್ನ ಕೆಳಗೆ ಕೂರಿಸಿದ್ದಕ್ಕೆ.

ಇನ್ನೊಂದು ಗಮನಿಸಿ. 'ಫಿಯರ್ಸ್‌ಲಿ ಇಂಡಿಪೆಂಡೆಂಟ್' ಅಂತ ನೀವು ಯಾರ ಬಗ್ಗೆ ಓದಿದೀರಾ? ಒಂಟಿಯಾಗಿರೋ ಹೆಂಗಸರ ಬಗ್ಗೆ, ವಯಸ್ಸಾದವರ ಬಗ್ಗೆ. ಮೂವತ್ತೈದರ ಗಂಡಸು ತನ್ನ ಸಂಬಳದಲ್ಲಿ ತಾನು ಬದುಕಿದರೆ ಯಾರೂ ಫಿಯರ್ಸ್ ಅನ್ನಲ್ಲ. ಅದು ಬರೀ ಮಂಗಳವಾರ.

4/6
ಈಗ ಅಮೆರಿಕಕ್ಕೆ ಹೋಗೋಣ, ಇದನ್ನ ನನಗಿಂತ ಚೆನ್ನಾಗಿ ಒಬ್ಬರು ಅಲ್ಲಿ ಹೇಳಿಬಿಟ್ಟಿದ್ದಾರೆ. 1996ರ ತಮ್ಮ ಶೋನಲ್ಲಿ ಹಾಸ್ಯಗಾರ ಕ್ರಿಸ್ ರಾಕ್ ಇದೇ ವಿಷಯ ಎತ್ತಿಕೊಂಡರು. ಕಾಲಿನ್ ಪೊವೆಲ್ ಆ ದೇಶದ ಸೇನೆಯ ಅತಿ ದೊಡ್ಡ ಹುದ್ದೆಯಲ್ಲಿದ್ದ ಕಪ್ಪು ಜನಾಂಗದ ಜನರಲ್. ಅವರ ಬಗ್ಗೆ ಬಿಳಿಯರು ಮತ್ತೆ ಮತ್ತೆ ಹೇಳ್ತಿದ್ದ ಹೊಗಳಿಕೆ ಒಂದೇ: ಎಷ್ಟು ಚೆನ್ನಾಗಿ ಮಾತಾಡ್ತಾರೆ! ಆ 'ಸೋ ವೆಲ್' ಅನ್ನೋದ್ರಲ್ಲಿರೋ ಅವಮಾನವನ್ನ ರಾಕ್ ಬಿಡಿಸಿ ಇಟ್ಟರು. ಓದಿದ ಮನುಷ್ಯ, ಮಾತಾಡದೇ ಇನ್ನೇನು ಮಾಡ್ತಾನೆ? ಆ 'ಸೋ' ಅಳೆದದ್ದು ಪೊವೆಲ್ ಅವರ ಮಾತನ್ನಲ್ಲ. ಹೇಳಿದವರ ತಲೆಯಲ್ಲಿ ಅವರಿಗೆ ಮೊದಲೇ ಎಷ್ಟು ಕಮ್ಮಿ ಮಾರ್ಕ್ಸ್ ಹಾಕಿದ್ದರು ಅನ್ನೋದನ್ನ.

ಇದನ್ನ ನೋಡಿದಾಗ ನಾನು ನಗಲಿಲ್ಲ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ಓದಿ ಬೆಂಗಳೂರಿಗೆ ಬಂದವಳು ನಾನು. ಕಾಮರ್ಸ್ ಫೆಸ್ಟ್ ಒಂದರಲ್ಲಿ ಜಡ್ಜ್ ಆಗಿ ಬಂದಿದ್ದವರು ನನ್ನ ಊರು ಕೇಳಿ, ಸ್ಕೂಲ್ ಕೇಳಿ, ಆಮೇಲೆ "ಬಟ್ ಯುವರ್ ಇಂಗ್ಲಿಷ್ ಈಸ್ ಸೋ ಗುಡ್!" ಅಂದ್ರು. ನಾನು ಥ್ಯಾಂಕ್ಯೂ ಮ್ಯಾಮ್ ಅಂದೆ. ಕ್ಯಾಶ್ ಫ್ಲೋ ಬಗ್ಗೆ ಹತ್ತು ನಿಮಿಷ ಮಾತಾಡಿದ್ದೆ, ಅದರ ಬಗ್ಗೆ ಒಂದು ಪ್ರಶ್ನೆನೂ ಬರಲಿಲ್ಲ. ಪಕ್ಕದ ಕಾಲೇಜಿನ, ಹುಟ್ಟಿದಾಗಿಂದ ಇಂಗ್ಲಿಷ್ ಮಾತಾಡೋ ಹುಡುಗಿಗೆ ಮೂರು ಪ್ರಶ್ನೆ ಕೇಳಿದರು. ಅವಳ ಇಂಗ್ಲಿಷ್ ಹೇಗಿದೆ ಅಂತ ಯಾರಿಗೂ ಹೇಳಬೇಕು ಅನ್ನಿಸಲಿಲ್ಲ.

ನಮ್ಮ ಕನ್ನಡದಲ್ಲೂ ಇದೆ ಬಿಡಿ. "ಪಾಪ, ತುಂಬಾ ಒಳ್ಳೇ ಹುಡುಗಿ." ಆ ಪಾಪ ಎಲ್ಲಿಂದ ಬಂತು?

5/6
"ಎಲ್ಲಾನೂ ನೀನೇ ಕಲ್ಪಿಸ್ಕೋತೀಯ" ಅನ್ನೋರಿಗೆ. ಫ್ರಾನ್ಸಿಸ್ ಟ್ರಿಕ್ಸ್ ಮತ್ತು ಕ್ಯಾರೊಲಿನ್ ಸೆಂಕಾ ಅನ್ನೋ ಇಬ್ಬರು ಸಂಶೋಧಕಿಯರು ಅಮೆರಿಕದ ಒಂದು ಮೆಡಿಕಲ್ ಕಾಲೇಜಿಗೆ ಆಯ್ಕೆಯಾದ ಅಧ್ಯಾಪಕರ 300ಕ್ಕೂ ಹೆಚ್ಚು ಶಿಫಾರಸು ಪತ್ರಗಳನ್ನ ಕೂತು ಓದಿ 2003ರಲ್ಲಿ ಪ್ರಕಟಿಸಿದರು. ಹೆಂಗಸರ ಪತ್ರಗಳು ಸರಾಸರಿಯಲ್ಲಿ ಚಿಕ್ಕವು. ಕಷ್ಟಪಟ್ಟು ದುಡೀತಾರೆ ಅನ್ನೋ ಜಾತಿಯ ಪದಗಳು ಅವರ ಪತ್ರಗಳಲ್ಲೇ ಜಾಸ್ತಿ. ಇವರೆಲ್ಲ ಕೆಲಸ ಸಿಕ್ಕವರು ನೆನಪಿರಲಿ. ಸಿಗದೇ ಇದ್ದವರ ಪತ್ರ ಹೇಗಿತ್ತೋ.

ತಮಾಷೆ ಏನಂದ್ರೆ, ಒತ್ತಿ ಒತ್ತಿ ಹೇಳೋ ಪದಗಳು ಹೆಣ್ಣುಮಕ್ಕಳ ಚಾಳಿ ಅಂತ ಭಾಷಾವಿಜ್ಞಾನಿ ಓಟೋ ಯೆಸ್ಪರ್ಸನ್ 1922ರಲ್ಲೇ ಬರೆದಿದ್ದರು. ನಾವು ಯೋಚನೆ ಮಾಡದೇ ಮಾತು ಶುರು ಮಾಡ್ತೀವಂತೆ, ಅದಕ್ಕೆ 'ಸೋ' ಜಾಸ್ತಿಯಂತೆ. ನನ್ನ ಪತ್ರದ ನಾಲ್ಕು ವೆರಿ ಬರೆದವರು ಹೆಂಗಸಲ್ಲ ಸ್ವಾಮಿ.

ಆಡಿಟಿಂಗ್ ಪೇಪರ್ ಓದಿದವರಿಗೆ ಒಂದು ಮಾತು. ಆಡಿಟರ್ ವರದಿಯಲ್ಲಿ 'ಟ್ರೂ ಆ್ಯಂಡ್ ಫೇರ್ ವ್ಯೂ' ಅಂತಿರುತ್ತೆ. ವೆರಿ ಟ್ರೂ, ಎಕ್ಸ್‌ಟ್ರೀಮ್ಲಿ ಫೇರ್ ಅಂತ ಯಾರಾದ್ರೂ ಸಹಿ ಹಾಕಿದ್ರೆ ನೀವು ಆ ಕಂಪನಿಯ ಷೇರು ತಗೋತೀರಾ? ಏನೋ ಮುಚ್ಚಿಡ್ತಿದ್ದಾರೆ ಅಂತ ಓಡ್ತೀರ.

6/6
ನಾನೇನು ಸಾಚಾ ಅಲ್ಲ. ನಿಮ್ಮ ಫೋಟೋಗಳ ಕೆಳಗೆಲ್ಲ 'ಸೋ ಸೋ ಪ್ರಿಟಿ, ಲಿಟರಲಿ ಕ್ವೀನ್' ಅಂತ ಬರೆದು ಬರೋದು ನಾನೇ. ಹೋದ ತಿಂಗಳು ಜೂನಿಯರ್ ಒಬ್ಬಳ ರೆಸ್ಯೂಮೆಗೆ 'ಹೈಲಿ ಮೋಟಿವೇಟೆಡ್' ಅಂತ ಸೇರಿಸಿದ್ದೂ ನಾನೇ. ಅವಳು ಪಿಯುಸಿಯಿಂದ ಅಪ್ಪನ ಕಿರಾಣಿ ಅಂಗಡಿಯ ಜಿಎಸ್‌ಟಿ ಲೆಕ್ಕ ಬರೀತಿದ್ದಾಳೆ ಅನ್ನೋದು ಗೊತ್ತಿತ್ತು, ಅದನ್ನ ಬರೆಯೋಣ ಅಂತ ಹೊಳೀಲೇ ಇಲ್ಲ. ಈಗ ತಿದ್ದಿ ಕೊಟ್ಟಿದೀನಿ.

ನೀವೂ ನಿಮ್ಮ ಪತ್ರಗಳನ್ನ ಫೈಲಿಂದ ತೆಗೀರಿ. ವೆರಿ, ಹೈಲಿ, ಎಕ್ಸ್‌ಟ್ರೀಮ್ಲಿ ಎಲ್ಲಾ ಹೊಡೆದು ಹಾಕಿ, ನೀವು ಮಾಡಿದ ಕೆಲಸ ಯಾವುದಾದ್ರೂ ಉಳಿಯುತ್ತಾ ನೋಡಿ. ಉಳಿಯದಿದ್ರೆ ವಾಪಸ್ ತಗೊಂಡು ಹೋಗಿ ಕೇಳಿ. ಭಯ ಆಗುತ್ತೆ, ಗೊತ್ತು. ನನಗೂ ಕೈ ನಡುಗ್ತಿತ್ತು.

ನಿನ್ನೆ ಸ್ಟಾಫ್ ರೂಮಿಗೆ ಹೋಗಿದ್ದೆ. "ಸರ್, ಈ ವೆರಿಗಳನ್ನ ತೆಗೆದು ಮೆಸ್ ಲೆಕ್ಕದ ಬಗ್ಗೆ ಒಂದು ಸಾಲು ಹಾಕಿಕೊಡ್ತೀರಾ?" ಸರ್ ಪತ್ರ ತಗೊಂಡು ಇನ್ನೊಂದ್ಸಲ ಓದಿದ್ರು. "ವೆರಿ ತೆಗೆದ್ರೆ ಇದರಲ್ಲಿ ಇನ್ನೇನಮ್ಮಾ ಉಳಿಯುತ್ತೆ?" ಅಂದ್ರು. ಆಮೇಲೆ ಅವರೇ ಸುಮ್ಮನಾದ್ರು.

ಕೊನೇ ಫೋಟೋ ನಾನು ಟೈಪ್ ಮಾಡಿ ಅವರ ಟೇಬಲ್ ಮೇಲೆ ಇಟ್ಟು ಬಂದಿರೋ ಹೊಸ ಡ್ರಾಫ್ಟ್. ಆರು ಸಾಲು, ತರಕಾರಿ ಬಿಲ್ಲು ಮೂರನೇ ಸಾಲಿನಲ್ಲಿದೆ. ಇನ್ನೂ ಸಹಿ ಆಗಿಲ್ಲ. ಅರ್ಜಿಗೆ ಕೊನೇ ದಿನ ಶುಕ್ರವಾರ.