ಎಣಿಕೆ ಮುಗಿದ ಮೇಲೆ ಚೀಟಿಗೆ ಕಾವಲು ಯಾರು?

ಪುಣೆ ಜಿಲ್ಲೆಯ ಜೇಜುರಿ ನಮಗೆ ದೂರದ ಊರಲ್ಲ. ಅಲ್ಲಿನ ಖಂಡೋಬನನ್ನು ಮೈಲಾರಲಿಂಗನೆಂದೇ ನಂಬಿ, ಭಂಡಾರ ಹಿಡಿದು ಗುಡ್ಡ ಹತ್ತುವ ಒಕ್ಕಲುಗಳು ಕರ್ನಾಟಕದಲ್ಲಿ ಬೇಕಾದಷ್ಟಿವೆ. ವಿಧಾನಸಭೆಗೆ ಪುರಂದರ, ಲೋಕಸಭೆಗೆ ಬಾರಾಮತಿ ಈ ಊರಿನ ಕ್ಷೇತ್ರ. 2024ರ ಮೇ 7ರಂದು ಇಲ್ಲಿ ಚಲಾವಣೆಯಾದ ಮತಗಳು ಪುಣೆಯ ಕೋರೆಗಾಂವ್ ಪಾರ್ಕ್‌ನಲ್ಲಿರುವ ಭಾರತೀಯ ಆಹಾರ ನಿಗಮದ ಗೋದಾಮು ಸೇರಿದವು. ಎಣಿಕೆ ಜೂನ್ 4ಕ್ಕೆ. ನಡುವೆ 28 ದಿನ.

ಆ ದಿನಗಳ ಪೈಕಿ ಮೇ 13ರಂದು ಗೋದಾಮಿನ ಸಿಸಿಟಿವಿ 45 ನಿಮಿಷ ಬಂದ್ ಆಗಿತ್ತೆಂದು ಅಭ್ಯರ್ಥಿ ಸುಪ್ರಿಯಾ ಸುಳೆ ದೂರಿದರು. ವಿದ್ಯುತ್ ಕೆಲಸಕ್ಕಾಗಿ ಕೇಬಲ್ ತೆಗೆದಿದ್ದರಿಂದ ಪರದೆಯ ಮೇಲೆ ಚಿತ್ರ ಕಾಣಲಿಲ್ಲ, ಕ್ಯಾಮೆರಾ ನಡೆಯುತ್ತಲೇ ಇತ್ತು, ದತ್ತಾಂಶ ಭದ್ರವಾಗಿದೆ ಎಂದು ಚುನಾವಣಾಧಿಕಾರಿ ಉತ್ತರಿಸಿದರು. ದೇಶದ ಕಣ್ಣೆಲ್ಲ ಆ ಮುಕ್ಕಾಲು ಗಂಟೆಯ ಮೇಲೆ ನೆಟ್ಟಿತ್ತು. ಸುಳೆ ಒಂದೂವರೆ ಲಕ್ಷಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಅಲ್ಲಿಗೆ ಆ ಮಾತು ನಿಂತಿತು.

ನನ್ನ ಚಿಂತೆ ಶುರುವಾಗುವುದೇ ಅಲ್ಲಿಂದ. ಎಣಿಕೆಗೆ ಮೊದಲು ಎರಡು ಬೀಗ, ಅರಗಿನ ಮುದ್ರೆ, ಕೇಂದ್ರ ಪಡೆಯ ಪಹರೆ, ಹೊರಗೆ ಡೇರೆ ಹಾಕಿ ಕೂತ ಏಜೆಂಟರು. ಎಣಿಕೆಯಾದ ಮೇಲೆ, ಪ್ರತಿ ಮತವನ್ನೂ ಕಾಗದದಲ್ಲಿ ಮುದ್ರಿಸುವ ವಿವಿಪ್ಯಾಟ್‌ನ ಚೀಟಿಗಳನ್ನು ಕಪ್ಪು ಲಕೋಟೆಗೆ ತುಂಬಿ, ಮುದ್ರೆ ಒತ್ತಿ, ಜಿಲ್ಲಾ ಚುನಾವಣಾಧಿಕಾರಿಯ ಸುಪರ್ದಿಗೆ ಕೊಡುತ್ತಾರೆ. ಏಜೆಂಟರು ಮನೆಗೆ ಹೋಗುತ್ತಾರೆ. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಚೀಟಿಗಳನ್ನಷ್ಟೇ ಯಂತ್ರದ ಲೆಕ್ಕಕ್ಕೆ ತಾಳೆ ನೋಡುವುದು 2019ರಿಂದ ಬಂದ ಪದ್ಧತಿ. ಉಳಿದ ಚೀಟಿಗಳನ್ನು ಯಾರೂ ಎಣಿಸಿರುವುದಿಲ್ಲ. ಹಾಗಿರುವಾಗ ಅವುಗಳ ಬೆಲೆಯೆಲ್ಲ ಇರುವುದು ಬೇಕಾದಾಗ ಕೈಗೆ ಸಿಗುವುದರಲ್ಲಿ.

ಸಿಕ್ಕಿವೆಯೇ? 1961ರ ಚುನಾವಣಾ ನಿರ್ವಹಣಾ ನಿಯಮಗಳ 94ನೇ ನಿಯಮ ಇಂಥ ಕಾಗದಗಳನ್ನು ಒಂದು ವರ್ಷ ಇಟ್ಟು ನಂತರ ನಾಶಮಾಡಬೇಕು ಎನ್ನುತ್ತದೆ. ಆದರೆ 2019ರ ಲೋಕಸಭಾ ಫಲಿತಾಂಶ ಬಂದ ನಾಲ್ಕೇ ತಿಂಗಳಿಗೆ, ಆ ಸೆಪ್ಟೆಂಬರ್‌ನಲ್ಲಿ, ಚೀಟಿಗಳನ್ನು ವಿಲೇವಾರಿ ಮಾಡಲು ಚುನಾವಣಾ ಆಯೋಗ ರಾಜ್ಯಗಳಿಗೆ ಬರೆದಿತ್ತೆಂಬುದು ಮುಂದಿನ ವರ್ಷ ಮಾಹಿತಿ ಹಕ್ಕಿನ ಉತ್ತರದಿಂದ ಹೊರಬಿತ್ತು. ಚಲಾಯಿತ ಮತ ಮತ್ತು ಎಣಿಕೆಯಾದ ಮತಗಳ ನಡುವೆ ವ್ಯತ್ಯಾಸವಿದೆ ಎಂಬ ವಾದ ಆ ಉತ್ತರ ಬರುವ ಹೊತ್ತಿಗೆ ಸುಪ್ರೀಂ ಕೋರ್ಟ್ ಮುಂದಿತ್ತು. ಆ ವಾದ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಬಹುದಾಗಿದ್ದ ಕಾಗದವನ್ನೇ ಇಲ್ಲವಾಗಿಸುವುದು ಆಯೋಗಕ್ಕೂ ಒಳ್ಳೆಯದಲ್ಲ. ತನ್ನ ಲೆಕ್ಕ ಸರಿಯಿದ್ದರೆ ಅದನ್ನು ತೋರಿಸಿಕೊಡುವ ಸಾಕ್ಷಿಯೂ ಅದೇ ಅಲ್ಲವೇ?

ನಮ್ಮ ಮಾಲೂರಿನ ಪ್ರಕರಣ ಇನ್ನೊಂದು ಪಾಠ. 2023ರ ವಿಧಾನಸಭಾ ಚುನಾವಣೆಯಲ್ಲಿ ಕೆ.ವೈ. ನಂಜೇಗೌಡರು ಅಲ್ಲಿ ಗೆದ್ದದ್ದು 248 ಮತಗಳಿಂದ. ಆ ಆಯ್ಕೆಯನ್ನು ಅಸಿಂಧುಗೊಳಿಸಿ ಮರು ಎಣಿಕೆಗೆ ಹೈಕೋರ್ಟ್ ಆದೇಶಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಎಣಿಕೆಯ ವಿಡಿಯೊ ಚಿತ್ರೀಕರಣವನ್ನು ಜಿಲ್ಲಾ ಚುನಾವಣಾಧಿಕಾರಿ ಹಾಜರುಪಡಿಸಲಾಗದಿದ್ದದ್ದು ಆ ತೀರ್ಪಿನಲ್ಲಿ ದೊಡ್ಡ ಸಂಗತಿಯಾಯಿತು. ನಂತರ ಸುಪ್ರೀಂ ಕೋರ್ಟ್ ಆಯ್ಕೆ ರದ್ದತಿಗೆ ತಡೆ ಕೊಟ್ಟರೂ ಮರು ಎಣಿಕೆಗೆ ಅವಕಾಶ ಇಟ್ಟಿತು. ತಕರಾರು ಅರ್ಜಿ ತೀರ್ಮಾನವಾಗಲು ಎರಡು ವರ್ಷ ದಾಟುವ ದೇಶದಲ್ಲಿ, ಯಾರೂ ಅರ್ಜಿ ಹಾಕದಿದ್ದರೆ ವಿಡಿಯೊ 45 ದಿನ ಉಳಿದರೆ ಸಾಕೆಂದು ಆಯೋಗ 2025ರ ಮೇನಲ್ಲಿ ಸೂಚಿಸಿದೆ. ಅರ್ಜಿ ಹಾಕಲು ಇರುವ ಗಡುವೂ 45 ದಿನವೇ. ಅನುಮಾನ ಹುಟ್ಟಿ, ಪುರಾವೆ ಹುಡುಕಿ, ವಕೀಲರನ್ನು ಹಿಡಿಯುವಷ್ಟರಲ್ಲಿ ಗಡುವೂ ಮುಗಿದಿರುತ್ತದೆ, ಚಿತ್ರವೂ ಅಳಿಸಿರುತ್ತದೆ.

ಬೇರೆಡೆ ಕಾಯ್ದಿಡುವ ಅವಧಿ ಇದಕ್ಕಿಂತ ಉದ್ದ. ಅಮೆರಿಕದಲ್ಲಿ ರಾಷ್ಟ್ರಮಟ್ಟದ ಚುನಾವಣೆಯ ದಾಖಲೆಗಳನ್ನು 22 ತಿಂಗಳು ಕಾಯ್ದಿಡಬೇಕು. ಜರ್ಮನಿಯಲ್ಲಿ ಮುಂದಿನ ಚುನಾವಣೆಗೆ 60 ದಿನ ಉಳಿಯುವವರೆಗೂ ಮತಪತ್ರ ಇಡುತ್ತಾರೆ.

ಕಾಗದವನ್ನು ಹೆಚ್ಚು ಕಾಲ ಇಟ್ಟು ನೋಡಗೊಟ್ಟರೆ ಗುಟ್ಟಿನ ಮತದಾನಕ್ಕೆ ಧಕ್ಕೆ ಬರುತ್ತದೆ ಎಂಬ ಆಕ್ಷೇಪಕ್ಕೆ ತೂಕವಿದೆ, ಹಳೆಯ ಮತಪತ್ರದ ಮಟ್ಟಿಗೆ. ಅದರ ಕೌಂಟರ್‌ಫಾಯಿಲಿನಲ್ಲಿ ಮತದಾರನ ಪಟ್ಟಿ ಸಂಖ್ಯೆ ಬರೆದಿರುತ್ತದೆ. ಎರಡರ ಕ್ರಮಸಂಖ್ಯೆ ಜೋಡಿಸಿದರೆ ಯಾರು ಯಾರಿಗೆ ಹಾಕಿದರೆಂದು ತಿಳಿದುಬಿಡಬಹುದು. ಕೋರ್ಟಿನ ಅಪ್ಪಣೆಯಿಲ್ಲದೆ ಆ ಕಟ್ಟುಗಳನ್ನು ಬಿಚ್ಚಬಾರದೆಂಬ 93ನೇ ನಿಯಮವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ವಿವಿಪ್ಯಾಟ್ ಚೀಟಿಯಲ್ಲಿ ಇರುವುದು ಅಭ್ಯರ್ಥಿಯ ಕ್ರಮಸಂಖ್ಯೆ, ಹೆಸರು, ಚಿಹ್ನೆ. ಮತದಾರನ ಗುರುತಿಲ್ಲ. ಅದಕ್ಕೂ ಅದೇ ಗುಟ್ಟಿನ ಕಾರಣ ಹೇಳುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಜೇಜುರಿಗೆ ಮತ್ತೆ ಬರೋಣ. 2025ರ ಡಿಸೆಂಬರ್ 2ರಂದು ಅಲ್ಲಿನ ನಗರ ಪರಿಷತ್ತಿಗೆ ಮತದಾನವಾಯಿತು. ಎಣಿಕೆ ಮಾರನೆಯ ದಿನವೇ ನಡೆಯಬೇಕಿತ್ತು. ಬಾಂಬೆ ಹೈಕೋರ್ಟ್‌ನ ನಾಗ್ಪುರ ಪೀಠದ ಆದೇಶದಿಂದ 21ಕ್ಕೆ ಹೋಯಿತು. ಮಹಾರಾಷ್ಟ್ರದ ಸ್ಥಳೀಯ ಚುನಾವಣೆಯಲ್ಲಿ ವಿವಿಪ್ಯಾಟ್ ಇರಲಿಲ್ಲ. ಅಷ್ಟೂ ದಿನ ಯಂತ್ರವೊಂದೇ ಸಾಕ್ಷಿ. ಕರ್ನಾಟಕ ಸಂಪುಟ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ತದ್ವಿರುದ್ಧ ದಾರಿ ಹಿಡಿದು, ಸ್ಥಳೀಯ ಸಂಸ್ಥೆಗಳಿಗೆ ಮತಪತ್ರ ಬಳಸಲು ರಾಜ್ಯ ಚುನಾವಣಾ ಆಯೋಗಕ್ಕೆ ಶಿಫಾರಸು ಮಾಡಲು ತೀರ್ಮಾನಿಸಿತು. ಯಂತ್ರವೋ ಕಾಗದವೋ ಎಂಬ ಚರ್ಚೆ ಆಗಿನಿಂದ ಜೋರಾಗಿಯೇ ನಡೆದಿದೆ. ಆದರೆ ಕಾಗದಕ್ಕೆ ಗೆದ್ದಲು, ತೇವ, ಇಲಿಯ ಕಾಟವೂ ಇದೆ. ಬೀಗದ ಇನ್ನೊಂದು ಕೀಲಿ ಯಾರ ಹತ್ತಿರ ಎಂಬ ಪ್ರಶ್ನೆಯೂ ಇದೆ.

ನಾನು ಕೇಳುವುದು ಹೆಚ್ಚೇನಲ್ಲ. ಕಾಗದವನ್ನು ಎಲ್ಲಿ ಇಟ್ಟಿದೆ ಎಂದು ಜಿಲ್ಲಾಡಳಿತ ಪ್ರಕಟಿಸಲಿ. ಕೊಠಡಿ ತೆರೆದಾಗಲೆಲ್ಲ ದಿನ, ಹೊತ್ತು, ಕಾರಣ ಬರೆದ ವಹಿ ಎಲ್ಲರೂ ನೋಡುವಂತಿರಲಿ. ತೆರೆಯುವ ಮುನ್ನ ಸೋತ ಅಭ್ಯರ್ಥಿಗೂ ನೋಟಿಸ್ ಹೋಗಲಿ. ಚೀಟಿಗಳು ಮುಂದಿನ ಚುನಾವಣೆಯವರೆಗೆ ಉಳಿಯಲಿ. ನಾಶಮಾಡುವ ದಿನ ಮೊದಲೇ ಗೊತ್ತಾಗಲಿ, ಅಂದೂ ಏಜೆಂಟರು ಎದುರಿಗಿರಲಿ. ಇದಕ್ಕೆ ಹೊಸ ಯಂತ್ರ ಕೊಳ್ಳಬೇಕಿಲ್ಲ. ಬೇಕಿರುವುದು ಒಂದು ವಹಿ, ಎರಡು ಸಹಿ ಮತ್ತು 94ನೇ ನಿಯಮಕ್ಕೆ ಒಂದು ತಿದ್ದುಪಡಿ.