ಹೊನ್ನಿನಿಂದ ಪ್ರಾಣವು ಮರಳುವುದೇ?

ದಾಳಗಳನ್ನುರುಳಿಸಿ, ಮಾತಿನಲ್ಲಿಯೇ ವೀರರ ಪಾತ್ರವನ್ನು ವಹಿಸಿ ಆಡುವ ಆಟವೊಂದುಂಟು. 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬುದೇ ಅದು. ಇದರಲ್ಲಿ ಮಡಿದ ವೀರನನ್ನು ಮಂತ್ರದಿಂದ ಎಬ್ಬಿಸಬಹುದು. 2014ರ ನಿಯಮಗಳಂತೆ ಅಂತಹದೊಂದು ಮಂತ್ರಕ್ಕೆ 500 ಹೊನ್ನಿನ ಬೆಲೆಯ ವಜ್ರವು ವ್ಯಯವಾಗಬೇಕು. ಸತ್ತು 10 ದಿನಗಳು ಮೀರಿರಬಾರದು.

ಮಕ್ಕಳು ಇದನ್ನಾಡಬಾರದೆಂದು ನಾವು ಹೇಳುವವರಲ್ಲ. ಮಹಾಭಾರತದ ಶುಕ್ರಾಚಾರ್ಯರಲ್ಲಿಯೂ ಮೃತಸಂಜೀವಿನೀ ವಿದ್ಯೆಯಿದ್ದಿತಷ್ಟೆ. ಆದರೆ ಅಸುರರು ಶಿಷ್ಯನಾದ ಕಚನನ್ನು ಸುಟ್ಟು, ಬೂದಿಯನ್ನು ಮದ್ಯದಲ್ಲಿ ಬೆರೆಸಿ ಗುರುವಿಗೇ ಕುಡಿಸಿದಾಗ, ಅವನನ್ನು ಬದುಕಿಸಲು ಗುರುವು ತನ್ನ ಹೊಟ್ಟೆಯನ್ನೇ ಸೀಳಗೊಡಬೇಕಾಯಿತು. ಅಲ್ಲಿ ತೆತ್ತದ್ದು ಹೊನ್ನಲ್ಲ, ಪ್ರಾಣ.

ಮಾರಿಕುಪ್ಪಂ ಸೀಮೆಯವರಾದ ನಮಗೆ ಈ ಭೇದವು ತಿಳಿಯದುದಲ್ಲ. 2001ರ ಫೆಬ್ರವರಿ 28ರಂದು ಮುಚ್ಚಿದ ನಮ್ಮ ಗಣಿಗಳ ಪೈಕಿ ಚಾಂಪಿಯನ್ ರೀಫ್ ಸುಮಾರು 3,200 ಮೀಟರ್ ಆಳಕ್ಕಿಳಿದಿತ್ತು. ಬಂಡೆ ಸಿಡಿದು ಮಡಿದವರೆಷ್ಟೋ, ಕಲ್ಲುಧೂಳಿನಿಂದ ಶ್ವಾಸಕೋಶ ಕೆಟ್ಟು ನವೆದವರೆಷ್ಟೋ! ಆಟದಲ್ಲಿ ಹೊನ್ನನ್ನು ಕೊಟ್ಟು ಪ್ರಾಣವನ್ನು ತರುವರು. ಇಲ್ಲಿ ಪ್ರಾಣವನ್ನು ಕೊಟ್ಟು ಹೊನ್ನನ್ನು ತಂದರು. ಆ ಹೊನ್ನೆಲ್ಲವನ್ನು ಸುರಿದರೂ ಒಬ್ಬ ತಂದೆಯೂ ಮನೆಗೆ ಮರಳಿ ಬಾರನು.

ಆದಕಾರಣ, ತಾಯಿತಂದೆಗಳೇ, ಹಳೆಯ ವಿದ್ಯಾರ್ಥಿನಿಯರೇ, ಮಕ್ಕಳು ಆಡಲಿ. ಆದರೆ ಸತ್ತವನನ್ನು ಎಬ್ಬಿಸುವ ಮುನ್ನ ದಾಳವನ್ನು ಕೆಳಗಿಟ್ಟು ಅಜ್ಜನ ಕಥೆಯನ್ನೊಮ್ಮೆ ಕೇಳಲಿ. ಮರಳಿ ಬಾರದವರನ್ನು ನೆನೆಯಬಲ್ಲ ಮಗುವಿಗೇ ಮರಳಿ ಬಂದ ವೀರನ ಬೆಲೆಯು ತಿಳಿಯುವುದೆಂಬುದು ನಮ್ಮ ಅಭಿಪ್ರಾಯ.